ಮಿಷನ್ ಶಾಲೆಯ ಒಂದನೆಯ ತರಗತಿ



2025ರ ಜೂನ್ ತಿಂಗಳಲ್ಲಿ ನನ್ನ ಮೊಮ್ಮಗಳು ಒಂದನೆಯ ತರಗತಿಗೆ ಸೇರಿದಳು. ಅದು ಕ್ರೈಸ್ತ ಕನ್ಯಾಸ್ತ್ರೀಯರು ನಡೆಸುವ ಶಾಲೆ. ಅದಕ್ಕೆ ಸರಿಯಾಗಿ 60 ವರ್ಷ ಮೊದಲು, 1965ರಲ್ಲಿ, ನಾನು ಸೇರಿದ್ದೂ ಅಂಥದೇ ಒಂದು ಶಾಲೆಗೆ. ಬಾಲ್ಯದ ಓದನ್ನು ಕುರಿತು ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ, ಈ ಎರಡು ತರಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದಲ್ಲವೇ ಎನ್ನಿಸಿತು.

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ನನ್ನ ಊರುಗಳೇ. ತಂದೆಯವರು ರೈಲ್ವೆಯಲ್ಲಿ ಗುಮಾಸ್ತರು. ಕಡೂರೂ ಅಜ್ಜಂಪುರವೂ ಹುಬ್ಬಳ್ಳಿಯ ದಾರಿಯಲ್ಲಿ, ತರೀಕೆರೆ ಬೀರೂರಿನಿಂದ ಶಿವಮೊಗ್ಗದ ಕಡೆಗೆ ತಿರುಗುವ ದಾರಿಯಲ್ಲಿ. ವರ್ಗವಾದಂತೆಲ್ಲ ನಮ್ಮ ಪಾತ್ರೆಪರಟಿಗಳ ಜೊತೆಗೆ ನನ್ನ ಸ್ಲೇಟೂ ರೈಲು ಹತ್ತುತ್ತಿತ್ತು. ಒಂದು ಊರಿನಲ್ಲಿ ಅಕ್ಷರ, ಇನ್ನೊಂದರಲ್ಲಿ ಮಗ್ಗಿ, ಮತ್ತೊಂದರಲ್ಲಿ ಸಂಧಿ ಸಮಾಸ. ನಾನು ಹೇಳುವ ಶಾಲೆಗಳು ಇವುಗಳಲ್ಲಿ ಯಾವ ಊರಿನವು ಎಂಬುದನ್ನು ಹೇಳುವುದಿಲ್ಲ. ಮೂರೂ ಸಣ್ಣ ಊರುಗಳು. ಒಂದು ಹೆಸರು ಹೇಳಿದರೆ ನಾಳೆ ಸಂತೆಯಲ್ಲಿ ಸಿಕ್ಕವರೆಲ್ಲ ಅದನ್ನೇ ಕೇಳುತ್ತಾರೆ.

ಕ್ರೈಸ್ತರ ಶಾಲೆಯಲ್ಲಿ ಪುಟ್ಟ ಮಕ್ಕಳು ಏನು ಕಲಿಯುತ್ತಾರೆ? ನನ್ನ ತಾಯಿಯ ಕಾಲದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿತ್ತು: ಜಾತಿ ಕೆಡಿಸುತ್ತಾರೆ. ಈಗಿನ ತಾಯಂದಿರಲ್ಲಿಯೂ ಒಂದೇ ಉತ್ತರವಿದೆ: ಇಂಗ್ಲಿಷ್ ಕಲಿಸುತ್ತಾರೆ. ಎರಡೂ ಪೂರ್ತಿ ಸುಳ್ಳಲ್ಲ, ಎರಡೂ ಪೂರ್ತಿ ನಿಜವಲ್ಲ. ನನ್ನ ತಾಯಿ ಹತ್ತಿರದಲ್ಲಿ ಬೇರೆ ಶಾಲೆಯಿಲ್ಲದುದರಿಂದ ಮನಸ್ಸಿಲ್ಲದ ಮನಸ್ಸಿನಿಂದ ನನ್ನನ್ನು ಅಲ್ಲಿಗೆ ಕಳುಹಿಸಿದರು. ರಕ್ಷೆಗೆಂದು ಹಣೆಯ ತುಂಬ ವಿಭೂತಿ ಬಳಿದು ಕಳುಹಿಸಿದರು. ಮೊದಲ ದಿನ ಬಿಸಿಲಿನಲ್ಲಿ ಬೆವೆತು ಅದು ಕಣ್ಣಿಗೆ ಇಳಿಯಿತು. ಸಿಸ್ಟರು ತಮ್ಮ ಕರವಸ್ತ್ರದಿಂದ ಕಣ್ಣನ್ನಷ್ಟೇ ಒರೆಸಿ, ಹಣೆಯನ್ನು ಹಾಗೆಯೇ ಬಿಟ್ಟು, "ಅಮ್ಮ ಹಚ್ಚಿದ್ದಲ್ವಾ, ಇರಲಿ" ಎಂದರು. ಈ ಸುದ್ದಿಯನ್ನು ನಾನು ಮನೆಯಲ್ಲಿ ಹೇಳಿದ ಮೇಲೆ ತಾಯಿಯ ಆತಂಕ ಅರ್ಧ ಇಳಿಯಿತು; ವಿಭೂತಿಯ ಪಟ್ಟೆಯೂ ಅರ್ಧಕ್ಕೆ ಇಳಿಯಿತು.

ಆ ಸಿಸ್ಟರು ಮಂಗಳೂರಿನ ಕಡೆಯವರು. ಮನೆಯ ಮಾತು ಕೊಂಕಣಿ. ಕನ್ನಡವನ್ನು ಶಾಲೆಯಲ್ಲಿ, ಪುಸ್ತಕದಿಂದ ಕಲಿತವರು. ಆದುದರಿಂದ ಅವರ ಕನ್ನಡದಲ್ಲಿ ಪ್ರತಿಯೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ನಮ್ಮದೋ ಬಯಲುಸೀಮೆಯ ಮಾತು. ಅರ್ಧ ತರಗತಿಗೆ ಹಕಾರವೇ ಇಲ್ಲ. ಹಾಲು 'ಆಲು', ಹುಲಿ 'ಉಲಿ', ಹಣ್ಣು 'ಅಣ್ಣು'. ಸಿಸ್ಟರು ಯಾರನ್ನೂ ನಗೆಗೀಡು ಮಾಡಲಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿಯಿರಿ ಎಂದರು. "ಈಗ 'ಹ' ಎನ್ನಿ. ಕೈಗೆ ಬಿಸಿ ತಾಗಬೇಕು." ನಲವತ್ತು ಮಕ್ಕಳು ಅಂಗೈ ಹಿಡಿದು ಹಾ, ಹೂ, ಹೇ ಎಂದು ಉಸಿರು ಬಿಟ್ಟ ಆ ಬೆಳಗಿನ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮುಂದೆ ಎಂ.ಎ. ತರಗತಿಯಲ್ಲಿ ಪಾಲ್ ಎಂಬುದು ಹಾಲು ಆದುದನ್ನೂ, ಪುಲಿ ಹುಲಿಯಾದುದನ್ನೂ, ಆಡುಮಾತಿನಲ್ಲಿ ಆ ಹಕಾರವೂ ಕರಗಿ ಹೋಗುವುದನ್ನೂ ಗುರುಗಳು ವಿವರಿಸಿದಾಗ, ನಮ್ಮ ಆಲು-ಉಲಿಗಳು ತಪ್ಪಲ್ಲ, ಭಾಷೆಯ ಚರಿತ್ರೆ ಹಿಡಿದ ಹಾದಿಯಲ್ಲಿಯೇ ಒಂದು ಹೆಜ್ಜೆ ಮುಂದೆ ಹೋದವು ಎಂದು ತಿಳಿದು ನನಗೆ ಬಹಳ ಸಂತೋಷವಾಯಿತು. ಆದರೆ ಆ ಪಾಠ ಕೇಳುವ ಕಿವಿಯನ್ನು ತಿದ್ದಿದ್ದು ಒಂದನೆಯ ತರಗತಿ.

ಕೊಂಕಣಿ ಮನೆಮಾತಿನ ಒಬ್ಬ ಕನ್ಯಾಸ್ತ್ರೀ ಕಡೂರು ಸೀಮೆಯ ಹುಡುಗನಿಗೆ ಕನ್ನಡದ ಹಕಾರ ಕಲಿಸಿದ್ದು ವಿಚಿತ್ರವೆಂದು ಈಗಿನವರಿಗೆ ತೋರಬಹುದು. ಚರಿತ್ರೆ ಬಲ್ಲವರಿಗೆ ತೋರದು. ನಮ್ಮ ಕ್ರೈಸ್ತ ಶಾಲೆಗಳ ಮೊದಲ 'ಒಂದನೆಯ ತರಗತಿಯ ಮಕ್ಕಳು' ಮಿಷನರಿಗಳೇ. ಹಡಗಿನಿಂದಿಳಿದು ಬಂದ ಆ ದೊಡ್ಡ ಮೈಕಟ್ಟಿನ ಮನುಷ್ಯರು ಪಂಡಿತರ ಮುಂದೆ ಕುಳಿತು ಅ ಆ ಇ ಈ ತಿದ್ದಿದರು. ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಕನ್ನಡಕ್ಕೊಂದು ವ್ಯಾಕರಣ ಬರೆದದ್ದು ಹೀಗೆ ಕಲಿತ ಮೇಲೆ. ಅದೇ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ನಿಘಂಟಿಗೆ ಕೈಹಾಕಿದರು. ಅದಕ್ಕೂ ಮೊದಲು, 1852ರಲ್ಲಿ, ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ ಜೈಮಿನಿ ಭಾರತವನ್ನು ಇಂಗ್ಲಿಷ್ ಅನುವಾದ, ಟಿಪ್ಪಣಿಗಳೊಡನೆ ಹೊರತಂದರು. ಮಂಗಳೂರಿನ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಅದಾಗಲೇ ಅದೇ ಕಾವ್ಯವನ್ನು ಅಚ್ಚು ಹಾಕಿಸಿದ್ದರು. ಜೈಮಿನಿ ಭಾರತದ ಲಕ್ಷ್ಮೀಶ ಯಾವ ಊರಿನವನು? ನಮ್ಮ ಕಡೂರು ತಾಲ್ಲೂಕಿನ ದೇವನೂರಿನವನೆಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಇಂಗ್ಲೆಂಡಿನಿಂದ ಬಂದ ಪಾದ್ರಿಗಳು ಕನ್ನಡ ಕಲಿಯಲು ಹಿಡಿದ ಕಾವ್ಯ ದೇವನೂರಿನದು.

ಅವರು ಬರುವ ಮುನ್ನ ನಮ್ಮಲ್ಲಿ ಕೂಲಿಮಠಗಳಿದ್ದವು. ಮರಳಿನ ಮೇಲೆ ಬೆರಳಿನಿಂದ ತಿದ್ದುವುದು, ಮಗ್ಗಿಯನ್ನು ಕೂಗಿ ಕೂಗಿ ಬಾಯಿಪಾಠ ಮಾಡುವುದು, ಅರ್ಥ ತಿಳಿಯುವ ಮೊದಲೇ ಪದ್ಯಗಳನ್ನು ಕಂಠಸ್ಥ ಮಾಡುವುದು. ಆ ಪದ್ಧತಿಯನ್ನು ಹಳಿಯುವವನು ನಾನಲ್ಲ. ಆ ಬಾಯಿಪಾಠದ ಮೇಲೆಯೇ ಎಷ್ಟೋ ಜನ ಬಾಳಿ ಬದುಕಿದರು. ಆದರೆ ಮಠದ ಜಗುಲಿಯ ಮೇಲೆ ಎಲ್ಲರ ಮಕ್ಕಳಿಗೂ ಜಾಗವಿರಲಿಲ್ಲ, ಹೆಣ್ಣುಮಕ್ಕಳಿಗಂತೂ ಇಲ್ಲವೆಂಬಷ್ಟು ಕಡಮೆ. ಅಚ್ಚಾದ ಪುಸ್ತಕ, ಸಾಲು ಬೆಂಚು, ಆ ಬೆಂಚಿನ ಮೇಲೆ ಯಾರ ಪಕ್ಕದಲ್ಲಿ ಯಾರು ಬೇಕಾದರೂ ಕೂರಬಹುದೆಂಬ ನಿಯಮ, ಇವು ಮಿಷನ್ ಶಾಲೆಯ ಕಡೆಯಿಂದ ಬಂದವು. ಮತಾಂತರದ ಉದ್ದೇಶ ಅವರಿಗಿರಲಿಲ್ಲವೆಂದು ಹೇಳಿದರೆ ಅದು ಬರಿಯ ಸೌಜನ್ಯವಾದೀತು. ಇತ್ತು. ಆದರೆ ಆ ಉದ್ದೇಶಕ್ಕೂ ಅವರು ಆರಿಸಿಕೊಂಡ ಭಾಷೆ ಕನ್ನಡ. ಮಗುವಿನ ಹೃದಯಕ್ಕೆ ಹೋಗುವ ದಾರಿ ಮನೆಯ ಮಾತು ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

ಬೆಂಗಳೂರಿನ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ಮನೆಯಲ್ಲಿ 1837ರಲ್ಲಿ ಹುಟ್ಟಿದ ಮಗನೇ ಬಿ. ಎಲ್. ರೈಸ್. ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನು ಮೈಸೂರು ಸಂಸ್ಥಾನದಲ್ಲಿ ಹಾಕಿಕೊಟ್ಟವರು ಅವರು. ಶಾಸನಗಳನ್ನು ಹುಡುಕಿ ಹುಡುಕಿ ಅಚ್ಚು ಮಾಡಿದವರೂ ಅವರೇ. ಆಗ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆಯೆಂದು ಹೆಸರು. ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟ, 1901ರಲ್ಲಿ ಬಂದದ್ದು, ನಮ್ಮ ಜಿಲ್ಲೆಯದು. ತರೀಕೆರೆಯ ಹತ್ತಿರದ ಅಮೃತಾಪುರದ ದೇವಾಲಯ 1196ರದು. ಅಲ್ಲಿನ ಶಾಸನದ ಪದ್ಯಗಳನ್ನು ರಚಿಸಿದವನು ಯಶೋಧರಚರಿತೆಯ ಜನ್ನ. ತರೀಕೆರೆಯ 45ನೆಯ ಶಾಸನವೆಂದು ನಾವು ವಿದ್ಯಾರ್ಥಿಗಳಾಗಿ ಉರುಹೊಡೆದದ್ದು ಅದನ್ನೇ.

ಒಂದು ಭಾನುವಾರ ಮೊಮ್ಮಗಳನ್ನು ಅಮೃತಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ಅವಳ ಶಾಲೆಯಲ್ಲಿ ಕನ್ನಡ ಒಂದು ವಿಷಯವಾಗಿ ಇದೆ. ಈಗ ಅಕ್ಷರಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ಬರೆಯಲು ಸುಲಭವಾದ, ಪದ ಕಟ್ಟಲು ಒದಗುವ ಅಕ್ಷರಗಳನ್ನು ಮೊದಲು ಕಲಿಸುತ್ತಾರೆ. ರ, ಗ, ಸ, ದ, ಅ. ಐದು ಅಕ್ಷರ ಬಂದರೆ ಸಾಕು; ಸರ, ಅರಸ, ಗರಗಸ ಎಲ್ಲವನ್ನೂ ಮಗು ಓದಬಲ್ಲದು. ನಾನು ಅ ಆ ಇ ಈ ಎಂದು ಆರಂಭಿಸಿ ರಕಾರ ಮುಟ್ಟುವ ಹೊತ್ತಿಗೆ ದಸರಾ ರಜೆ ಬಂದಿತ್ತು. ಹೊಸತೆಲ್ಲ ಕೆಟ್ಟದ್ದೆಂಬ ಹಟ ನನಗಿಲ್ಲವೆಂಬುದಕ್ಕೆ ಇದನ್ನು ಹೇಳಿದೆ. ಹುಡುಗಿ ಶಾಸನದ ಕಲ್ಲಿನ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಕಡೆ ಬೆರಳಿಟ್ಟು, "ತಾತ, ಇದು ಗ" ಎಂದಳು. ಹೌದು, ಅದು ಗಕಾರವೇ. ಎಂಟುನೂರು ವರ್ಷಗಳಾಚೆಯ ಗ. ಅದರ ಪಕ್ಕದ ರಕಾರವನ್ನೂ ಗುರುತಿಸಿದಳು. ನನಗೆ ಆ ಕ್ಷಣ ನಿವೃತ್ತಿವೇತನಕ್ಕಿಂತ ದೊಡ್ಡದೇನೋ ಕೈಗೆ ಬಂದಂತಾಯಿತು. ಮರುಕ್ಷಣ ಅವಳು ಕೇಳಿದಳು: "ಇದರ ಇಂಗ್ಲಿಷ್ ಎಲ್ಲಿದೆ?" ಪ್ರವಾಸಿಗಳಿಗಾಗಿ ಹಾಕಿರುವ ಫಲಕಗಳನ್ನು ನೋಡಿ ಅಭ್ಯಾಸವಾದ ಮಗು. ಕಲ್ಲಿನ ಹಿಂಬದಿಯನ್ನೂ ಹೋಗಿ ನೋಡಿ ಬಂದಳು.

ಕನ್ನಡ ಕಲಿಸಲು ಬಂದವರ ಶಾಲೆ ಕನ್ನಡವನ್ನು ಮರೆಸುವ ಶಾಲೆಯೆಂದು ಹೆಸರು ಪಡೆದದ್ದು ಹೇಗೆ? ಪಾದ್ರಿಗಳನ್ನೂ ಸಿಸ್ಟರುಗಳನ್ನೂ ಬೈಯುವುದು ಸುಲಭ. ಅದಕ್ಕಿಂತ ಕಷ್ಟದ ಮಾತೊಂದನ್ನು ನಾನು ಈ ಹೊತ್ತು ಹೇಳಬೇಕಾಗಿದೆ. 1982ರಲ್ಲಿ ಗೋಕಾಕ್ ವರದಿಯ ಪರವಾಗಿ ನಾಡೆಲ್ಲ ಬೀದಿಗಿಳಿದಾಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕನ್ನಡ ಅಧ್ಯಾಪಕ. ಮೆರವಣಿಗೆಯಲ್ಲಿ ಗಂಟಲು ಒಡೆಯುವಂತೆ ಕೂಗಿದ್ದೇನೆ, ಮನವಿಗೆ ಸಹಿ ಹಾಕಿದ್ದೇನೆ. ಹತ್ತು ವರ್ಷಗಳ ಮೇಲೆ, 1992ರಲ್ಲಿ, ನನ್ನ ಮಗಳನ್ನು ಒಂದನೆಯ ತರಗತಿಗೆ ಸೇರಿಸುವಾಗ ಬೆಳಗಿನ ಐದು ಗಂಟೆಗೆ ಎದ್ದು ಹೋಗಿ, ಒಂದು ಕ್ರೈಸ್ತ ಇಂಗ್ಲಿಷ್ ಶಾಲೆಯ ಗೇಟಿನ ಮುಂದೆ ಅರ್ಜಿಗಾಗಿ ಸಾಲಿನಲ್ಲಿ ನಿಂತೆ. ನನ್ನ ಮುಂದೆ ನಿಂತಿದ್ದವರಲ್ಲಿ ಮೆರವಣಿಗೆಯ ಗೆಳೆಯರು ಇಬ್ಬರಿದ್ದರು. ನಾವು ಮೂವರೂ ಅಂದು ಹವಾಮಾನದ ವಿಷಯ ಮಾತನಾಡಿದೆವು.

ಕಾನೂನಿನ ಕಥೆ ಎಲ್ಲರಿಗೂ ಗೊತ್ತಿರುವಂಥದು. ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ಸರ್ಕಾರ 1994ರಲ್ಲಿ ಹೊರಡಿಸಿದ ಆಜ್ಞೆ ಇಪ್ಪತ್ತು ವರ್ಷ ನ್ಯಾಯಾಲಯಗಳಲ್ಲಿ ಅಲೆಯಿತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮದ ಆಯ್ಕೆ ಮಗುವಿಗೆ, ಮಗುವಿನ ಪರವಾಗಿ ತಂದೆತಾಯಿಗಳಿಗೆ ಸೇರಿದ್ದೆಂದು ತೀರ್ಪಿತ್ತಿತು. 2019ರಿಂದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿಯೂ ಇಂಗ್ಲಿಷ್ ಮಾಧ್ಯಮದ ತರಗತಿಗಳು ಆರಂಭವಾದವು. ಮಿಷನ್ ಶಾಲೆಯೊಂದೇ ದಾರಿ ತಪ್ಪಿತೆಂದು ಹೇಳುವ ಬಾಯಿ ನಮಗೆ ಉಳಿದಿಲ್ಲ.

ಮೊಮ್ಮಗಳ ತರಗತಿಯ ಅಧ್ಯಾಪಕಿ ನನ್ನ ಹಳೆಯ ವಿದ್ಯಾರ್ಥಿನಿ. ಮುಖ್ಯೋಪಾಧ್ಯಾಯಿನಿಯರ ಅನುಮತಿ ಪಡೆದು ಮೂರು ದಿನ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದಳು. ಬೆಂಚು ಎಷ್ಟು ಗಿಡ್ಡವೆಂದರೆ ನನ್ನ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಮಕ್ಕಳು ಮೊದಲ ಗಂಟೆಯಲ್ಲಿ ಹತ್ತು ಸಲ ತಿರುಗಿ ನೋಡಿ ಆಮೇಲೆ ಮರೆತವು.

ಅಲ್ಲಿ ಒಳ್ಳೆಯದು ಬಹಳವಿದೆ. ಬೆಳಗಿನ ಪ್ರಾರ್ಥನೆಗೆ ಕೈಮುಗಿದು ಸುಮ್ಮನೆ ನಿಲ್ಲುವುದನ್ನು ಮಗು ಕಲಿಯುತ್ತದೆ. ಗದ್ದಲದ ಈ ಕಾಲದಲ್ಲಿ ಎರಡು ನಿಮಿಷದ ಮೌನ ಸಣ್ಣ ವಿದ್ಯೆಯಲ್ಲ. ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶದ ತರಗತಿ ಬೇರೆ, ಉಳಿದವರಿಗೆ ನೀತಿಪಾಠ. ಪಾದರಕ್ಷೆಗಳನ್ನು ಜೋಡಿಸಿಡುವುದು, ಪೆನ್ಸಿಲು ಇಲ್ಲದವನಿಗೆ ಕೇಳದೆಯೇ ಕೊಡುವುದು, ಊಟಕ್ಕೆ ಮುನ್ನ ಅನ್ನ ಕೊಟ್ಟವನನ್ನು ನೆನೆಯುವುದು. ಕಂಟ್ರಾಕ್ಟರರ ಮಗನ ಪಕ್ಕದಲ್ಲಿ ಇಸ್ತ್ರಿ ಅಂಗಡಿಯವರ ಮಗಳು ಕುಳಿತಿದ್ದಳು. ಅಧ್ಯಾಪಕಿಯರು ಗಂಟೆಗೆ ಸರಿಯಾಗಿ ಬರುತ್ತಾರೆ, ತರಗತಿಯನ್ನು ಬಿಟ್ಟು ಅಲುಗುವುದಿಲ್ಲ.

ಕಷ್ಟವಿರುವುದು ಅಕ್ಷರದಲ್ಲಿ. ಕನ್ನಡದ ಅಕ್ಷರಕ್ಕೆ ಅದರ ಉಚ್ಚಾರವೇ ಹೆಸರು. ರ ಎಂದು ಹೆಸರು ಕಲಿತರೆ ಓದನ್ನೂ ಕಲಿತಂತೆ. ಇಂಗ್ಲಿಷಿನ 'ಸಿ'ಯ ಹೆಸರಿನಲ್ಲಿ ಸಕಾರವಿದೆ, ಕ್ಯಾಟ್ ಎಂಬಲ್ಲಿ ಅದು ಕಕಾರ. 'ಡಬ್ಲ್ಯು' ಎಂಬುದರ ಹೆಸರಿನಲ್ಲಿ ಡಕಾರ, ಉಚ್ಚಾರದಲ್ಲಿ ಅದರ ಸುಳಿವೇ ಇಲ್ಲ. ಮನೆಯಲ್ಲಿ ಆ ಭಾಷೆ ಕೇಳಿ ಬೆಳೆದ ಮಗುವಿಗೆ ಕ್ಯಾಟ್ ಎಂಬ ಪದ ಮೊದಲೇ ಗೊತ್ತಿರುತ್ತದೆ, ಅಕ್ಷರದ ತೊಡಕನ್ನು ಪದವೇ ಬಿಡಿಸುತ್ತದೆ. ನಮ್ಮ ಮಗುವಿಗೆ ಅಕ್ಷರವೂ ಹೊಸದು, ಪದವೂ ಹೊಸದು, ಕೆಲವೊಮ್ಮೆ ಪದಾರ್ಥವೂ ಹೊಸದು. ಅಜ್ಜಂಪುರದ ಪರಿಚಿತರೊಬ್ಬರ ಮನೆಯ ಗೋಡೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಚಿತ್ರಪಟ ತೂಗುಹಾಕಿದ್ದರು. ಅದರಲ್ಲಿನ ಹಸು ಕಪ್ಪು ಬಿಳುಪಿನ ಸೀಮೆಹಸು, ಕೋಡೇ ಇಲ್ಲ. ಅಜ್ಜಂಪುರವೆಂದರೆ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿರುವ ಊರು. ಈಟಿಯಂತೆ ನೀಳವಾದ ಕೋಡಿನ ಹಸುಗಳನ್ನು ಕಂಡ ಹುಡುಗ ಆ ಚಿತ್ರ ತೋರಿಸಿ 'ಕೌ' ಎನ್ನುತ್ತಾನೆ, ಕೊಟ್ಟಿಗೆಯದನ್ನು ತೋರಿಸಿದರೆ 'ಹಸು' ಎನ್ನುತ್ತಾನೆ. ಎರಡೂ ಒಂದೇ ಪ್ರಾಣಿಯೆಂದು ಅವನಿಗೆ ಇನ್ನೂ ಯಾರೂ ಹೇಳಿದಂತಿಲ್ಲ. ಕಡೂರಿನಲ್ಲಿ ಮಕ್ಕಳು ಮಳೆಯನ್ನು ಹೋಗು ಹೋಗು ಎಂದು ಕಳುಹಿಸುವ ಇಂಗ್ಲಿಷ್ ಪದ್ಯವನ್ನು ಅಭಿನಯ ಸಹಿತ ಹೇಳುವುದನ್ನು ಕೇಳಿದೆ. ತೆಂಗಿನ ತೋಟ ಒಣಗುವುದನ್ನು ಮತ್ತೆ ಮತ್ತೆ ಕಂಡ ತಾಲ್ಲೂಕು ಅದು. ಮದಗದ ಕೆರೆಗೆ ಮಳೆ ಬಂದ ಸಂಭ್ರಮವನ್ನು ಜನಪದರು ಹಾಡಾಗಿ ಕಟ್ಟಿದ್ದನ್ನು ತಮ್ಮ ಕೆರೆಯ ಹಾಡೆಂದೇ ಹಾಡಿಕೊಳ್ಳುವ ಸೀಮೆ. ಪದ್ಯ ಮುಗಿದಾಗ ಒಬ್ಬ ತಂದೆ ಚಪ್ಪಾಳೆ ತಟ್ಟಿ ಆಕಾಶ ನೋಡಿದ. ನಾನೂ ನೋಡಿದೆ.

ಎರಡನೆಯ ದಿನ ಶಾಲೆಯ ಗೇಟಿನ ಬಳಿ, ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವ ಒಬ್ಬ ತಾಯಿ ಸಿಕ್ಕಳು. ಬೆರಳುಗಳೆಲ್ಲ ಅಡಿಕೆಯ ಕರೆಯಿಂದ ಕಪ್ಪಾಗಿದ್ದವು. ಶುಲ್ಕ ಕಟ್ಟಲು ಬಹಳ ಕಷ್ಟವಲ್ಲವೇ, ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಪದ್ಧತಿ ಚೆನ್ನಾಗಿದೆಯಲ್ಲ ಎಂದು, ಬೇಡದ ಉಪದೇಶ, ನಾನು ಆರಂಭಿಸಿದೆ. ಆಕೆ ಕೊನೆಯವರೆಗೂ ಕೇಳಿ, "ನಿಮ್ ಮಗಳು ಬ್ಯಾಂಕ್‌ನಾಗೆ ಅವ್ರಲ್ವಾ ಸಾ, ಅವ್ರು ಯಾವ್ ಸ್ಕೂಲ್‌ನಾಗೆ ಓದಿದ್ದು?" ಎಂದಳು. ಅಣಕಿಸಬೇಕೆಂದು ಕೇಳಿದ್ದಲ್ಲ; ತಿಳಿದುಕೊಳ್ಳಬೇಕೆಂದೇ ಕೇಳಿದ್ದು. ನಾನು ಶಾಲೆಯ ಹೆಸರು ಹೇಳಿದೆ. ಆಕೆ ತಲೆಯಾಡಿಸಿ ಕೆಲಸಕ್ಕೆ ಹೋದಳು.

ಇನ್ನು ನಾನು ಹೇಳಲೇಬೇಕೆಂದಿದ್ದ ಸಂಗತಿ. ಕಳೆದುಹೋದ ಕುರಿಯ ಸಾಮತಿಯನ್ನು ನೀವು ಕೇಳಿರಬಹುದು. ನೂರು ಕುರಿಗಳ ಒಡೆಯ, ಒಂದು ತಪ್ಪಿಸಿಕೊಂಡಾಗ ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋಗಿ, ಸಿಕ್ಕಾಗ ಹೆಗಲ ಮೇಲೆ ಹೊತ್ತು ತರುತ್ತಾನೆ. ಕ್ರೈಸ್ತರ ಶಾಲೆಯಲ್ಲಿ ಓದಿದ ಯಾವ ಮಗುವೂ ಇದನ್ನು ಕೇಳದೆ ಇರುವುದು ವಿರಳ. 1965ರಲ್ಲಿ ನಮ್ಮ ಸಿಸ್ಟರು ಇದನ್ನು ಹೇಳುತ್ತಿದ್ದಾಗ, ಕುರಿಗಾರರ ಮನೆಯ ಹುಡುಗನೊಬ್ಬ, ಎಂದೂ ಬಾಯಿ ಬಿಡದವನು, ಎದ್ದು ನಿಂತ. "ಸಿಸ್ಟರ್, ಮಿಕ್ಕಿದ್ ಕುರಿ ಯಾರ್ ಕಾಯ್ತಿದ್ರು? ತ್ವಾಳ ಬರಾಕಿಲ್ವಾ?" ಸಿಸ್ಟರು ಪುಸ್ತಕ ಮಡಿಸಿದರು. "ನಿಮ್ಮ ಅಪ್ಪ ಆಗಿದ್ದರೆ ಏನು ಮಾಡುತ್ತಿದ್ದರು?" ಎಂದರು. ಹುಡುಗ ಮುಂದೆ ಬಂದು ಸೀಮೆಸುಣ್ಣದಿಂದ ನೆಲದ ಮೇಲೆ ಒಂದು ರೊಪ್ಪ ಬರೆದ. ಮೊದಲು ಮಂದೆಯನ್ನೆಲ್ಲ ಒಳಗೆ ಹಾಕಬೇಕು, ಬಾಗಿಲಿಗೆ ಮುಳ್ಳು ಎಳೆಯಬೇಕು, ಚಿಕ್ಕಪ್ಪನನ್ನೋ ನ��ಯಿಯನ್ನೋ ಕಾವಲಿಗಿಡಬೇಕು, ಆಮೇಲೆ ಅಪ್ಪ ಕಂಬಳಿ ಹೊದ್ದು ಹುಡುಕಲು ಹೋಗುತ್ತಾನೆ. ಹೋಗುವಾಗ ಆ ಕುರಿಯ ತಾಯಿಯನ್ನು ಜೊತೆಗೆ ಕರೆದೊಯ್ದರೆ ಕೂಗು ಕೇಳಿ ಬೇಗ ಸಿಗುತ್ತದೆ. ಸಿಸ್ಟರು ಆ ರೊಪ್ಪವನ್ನು ನೋಡುತ್ತ ನಿಂತು, "ನನಗೆ ಇದು ಗೊತ್ತೇ ಇರಲಿಲ್ಲ ಮಾರಾಯ" ಎಂದರು. ಆ ಹುಡುಗ ಆ ವರ್ಷವೆಲ್ಲ ತಲೆಯೆತ್ತಿ ನಡೆದ.

ಎಷ್ಟೋ ವರ್ಷಗಳ ಮೇಲೆ ನಾನು ಸುವಾರ್ತೆಗಳನ್ನು ತೆಗೆದು ನೋಡಿದೆ. ಲೂಕನಲ್ಲಿ ಅವನು ಉಳಿದ ಕುರಿಗಳನ್ನು ಅಡವಿಯಲ್ಲಿ ಬಿಟ್ಟು ಹೋಗುತ್ತಾನೆ, ಮತ್ತಾಯನಲ್ಲಿ ಬೆಟ್ಟದ ಮೇಲೆ. ಅವುಗಳ ಗತಿಯೇನು ಎಂದು ದೊಡ್ಡ ವ್ಯಾಖ್ಯಾನಕಾರರೂ ತಲೆ ಕೆಡಿಸಿಕೊಂಡಿದ್ದಾರೆ. ಆರು ವರ್ಷದ ಹುಡುಗ ಮೊದಲ ಸಲ ಕೇಳಿದಾಗಲೇ ಆ ಪ್ರಶ್ನೆಯ ಮೇಲೆ ಕೈಯಿಟ್ಟಿದ್ದ.

ಮೂರನೆಯ ದಿನ ನನ್ನ ಶಿಷ್ಯೆ ನೀತಿಪಾಠದಲ್ಲಿ ಅದೇ ಕಥೆಯನ್ನು ಇಂಗ್ಲಿಷಿನಲ್ಲಿ, ಬಣ್ಣದ ಚಿತ್ರಗಳನ್ನು ತೋರಿಸುತ್ತ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಮೂರನೆಯ ಸಾಲಿನ ಒಬ್ಬ ಹುಡುಗ ಎದ್ದ. "ಮಿಸ್, ಮಿಕ್ಕಿದ್ ಕುರಿ..." ಅಷ್ಟರಲ್ಲಿ ಇಡೀ ತರಗತಿ ಒಂದೇ ಕಂಠದಿಂದ, ಇಂಗ್ಲಿಷಿನಲ್ಲಿ ಮಾತಾಡು ಎಂದು ಇಂಗ್ಲಿಷಿನಲ್ಲಿ ಕೂಗಿತು. ನನ್ನ ಮೊಮ್ಮಗಳೂ ಕೂಗಿದಳು. ಅಧ್ಯಾಪಕಿ ನನ್ನ ಕಡೆ ಒಮ್ಮೆ ನೋಡಿ, ಮೆಲ್ಲನೆ, ಅದನ್ನೇ ಹೇಳಿದಳು. ಹುಡುಗ "ಶೀಪ್" ಎಂದ. ಇನ್ನೊಂದು ಸಲ "ಶೀಪ್" ಎಂದ. ಆಮೇಲೆ ಕುಳಿತುಬಿಟ್ಟ.

ಬಿಡುವಿನಲ್ಲಿ ನಾನೇನೂ ಕೇಳಲಿಲ್ಲ, ಅವಳೇ ಹೇಳಿದಳು. "ಸರ್, ಸಿಸ್ಟರ್ ಏನೂ ಅನ್ನುವುದಿಲ್ಲ. ಪೋಷಕರು ಬರುತ್ತಾರೆ. ನಿಮ್ಮ ಟೀಚರು ಕ್ಲಾಸಿನಲ್ಲಿ ಕನ್ನಡ ಮಾತಾಡುತ್ತಾರಂತಲ್ಲ, ಅದಕ್ಕಾ ನಾವು ಫೀಸು ಕಟ್ಟೋದು ಅಂತ ಆಫೀಸಿನಲ್ಲಿ ಜಗಳ ಮಾಡುತ್ತಾರೆ. ಹೋದ ವರ್ಷ ಎರಡು ಸಲ ಆಯಿತು." ಅವಳ ಕಣ್ಣಿನಲ್ಲಿ ನೀರಿತ್ತೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಸೀಮೆಸುಣ್ಣದ ಪುಡಿಯನ್ನು ಕೈಯಿಂದ ಕೊಡವಿಕೊಂಡು ಮುಂದಿನ ತರಗತಿಗೆ ಹೋದಳು.

ಸಂಜೆ ಮನೆಯಲ್ಲಿ ಮೊಮ್ಮಗಳು ಕಥೆಯ ಚಿತ್ರಕ್ಕೆ ಬಣ್ಣ ತುಂಬುತ್ತ ಕುಳಿತಿದ್ದಳು. ಕುರಿಗಳ ಪಕ್ಕದಲ್ಲಿ, ಪುಸ್ತಕದಲ್ಲಿ ಇಲ್ಲದ ಎರಡು ಪ್ರಾಣಿಗಳನ್ನು ತಾನೇ ಬರೆದಿದ್ದಳು. ಇವೇನು ಎಂದೆ.

"ನಾಯಿ, ತಾತ. ಅವರ ಮನೇಲಿ ಎರಡಿದೆಯಂತೆ. ಒಂದು ಮುಂದೆ ಹೋಗುತ್ತೆ, ಒಂದು ಹಿಂದೆ. ಈ ಕಥೆಯವನ ಹತ್ರ ನಾಯಿ ಇರಲಿಲ್ಲ, ಅದಕ್ಕೇ ಒಂದು ಕುರಿ ಕಳೆದುಹೋಯ್ತಂತೆ."

"ಯಾರು ಹೇಳಿದರು?"

"ಅವನೇ. ಊಟದ ಬೆಲ್ ಹೊಡೆದ ಮೇಲೆ."